ದೂರದ ಯುದ್ಧಕ್ಕೆ ಮನೆಯಲ್ಲೇ ತೆತ್ತ ಬೆಲೆ

1096ರ ವಸಂತದಲ್ಲಿ ಪೂರ್ವ ಫ್ರಾನ್ಸಿನ ಮೋಂಮೆರ್ಲ್ ಎಂಬ ಊರಿನ ಪಾಳೆಯಗಾರ ಅಶಾರ್ ಜೆರುಸಲೇಮಿನ ಯುದ್ಧಯಾತ್ರೆಗೆ ಹೊರಡಲು ತನ್ನ ಪಿತ್ರಾರ್ಜಿತ ಆಸ್ತಿಯನ್ನು ಕ್ಲೂನಿ ಮಠಕ್ಕೆ ಭೋಗ್ಯಕ್ಕೆ ಬರೆದುಕೊಟ್ಟ. ಮಠದಿಂದ ಅವನಿಗೆ ಸಿಕ್ಕಿದ್ದು 2,000 ಸಾಲಿಡಸ್ ಹಣ ಮತ್ತು ನಾಲ್ಕು ಹೇಸರಗತ್ತೆಗಳು. ಪತ್ರದ ಷರತ್ತು ಬಿಗಿಯಾಗಿತ್ತು. ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಅಶಾರ್ ಒಬ್ಬನಿಗೇ. ಅವನು ಸತ್ತರೆ ಅಥವಾ ಹೋದ ಕಡೆಯೇ ನೆಲೆಸಿದರೆ ಬಂಧುಗಳಲ್ಲಿ ಯಾರೂ ಅದನ್ನು ಕೇಳುವಂತಿರಲಿಲ್ಲ. ಅದು ಶಾಶ್ವತವಾಗಿ ಮಠದ್ದು. 1099ರಲ್ಲಿ ಜೆರುಸಲೇಮಿನ ಮುತ್ತಿಗೆ ನಡೆಯುತ್ತಿದ್ದಾಗ ಜಾಫಾ ಬಂದರಿನ ಸಮೀಪದ ಕಾಳಗವೊಂದರಲ್ಲಿ ಅಶಾರ್ ಸತ್ತ.

ಇಂಥ ಪತ್ರಗಳು ಫ್ರಾನ್ಸಿನ ಮಠಗಳ ಕಡತಗಳಲ್ಲಿ ರಾಶಿಯಾಗಿ ಉಳಿದಿವೆ. ಶಿಲುಬೆ ಯುದ್ಧಗಳ ಬಗ್ಗೆ ಶಾಲೆಯಲ್ಲಿ ಓದುವಾಗ ನಮಗೆ ಸಿಗುವುದು ಪೋಪ್ 2ನೇ ಅರ್ಬನ್‌ನ ಕರೆ, ಜೆರುಸಲೇಮಿನ ಪತನ, ಸಲಾದೀನ್ ಮತ್ತು ರಿಚರ್ಡ್‌ರ ಶೌರ್ಯ. ಯುದ್ಧ ನಡೆದ ನೆಲದಲ್ಲಿ ಹರಿದ ರಕ್ತದ ಲೆಕ್ಕ ಬೇರೆಯೇ ಇದೆ, ಅದು ದೊಡ್ಡದು. ಇಲ್ಲಿ ನಾನು ಕೇಳಹೊರಟಿರುವುದು ಇನ್ನೊಂದು ಪ್ರಶ್ನೆ. ಎರಡು ಶತಮಾನ ಕಾಲ ಈ ಯುದ್ಧಗಳಿಗೆ ಮಕ್ಕಳನ್ನೂ ಹಣವನ್ನೂ ಕಳಿಸುತ್ತಿದ್ದ ಪಶ್ಚಿಮ ಯೂರೋಪಿನ ಮನೆ, ಊರು, ಖಜಾನೆ, ಚರ್ಚುಗಳಿಗೆ ಏನಾಯಿತು? ದೂರದ ವೈರಿಗಾಗಿ ಅಲ್ಲಿನವರು ಹೊಸ ಸಾಲ, ಹೊಸ ತೆರಿಗೆ, ಹೊಸ ಕ್ಷಮೆ, ಹೊಸ ವಿಚಾರಣೆಗಳನ್ನು ಕಟ್ಟಿಕೊಂಡರು. ಯುದ್ಧ ಸೋತರೂ ಅವು ಹೋಗಲಿಲ್ಲ. ಮನೆಯಲ್ಲೇ ಉಳಿದು ಸ್ವಂತ ಜನರ ಮೇಲೆ ತಿರುಗಿದವು.

ಅಡವಿಟ್ಟ ನಾಡು

ಅರ್ಬನ್ ಕರೆ ಕೊಟ್ಟದ್ದು 1095ರ ನವೆಂಬರ್ 27ರಂದು, ಕ್ಲೆರ್ಮಾಂ ಎಂಬಲ್ಲಿ ಸೇರಿದ್ದ ಧರ್ಮಸಭೆಯಲ್ಲಿ. ಭಕ್ತಿಯಿಂದ ಜೆರುಸಲೇಮಿಗೆ ಹೊರಟವರಿಗೆ ಆ ಯಾತ್ರೆಯೇ ಪಾಪಗಳಿಗೆಲ್ಲ ಪ್ರಾಯಶ್ಚಿತ್ತವಾಗುತ್ತದೆ ಎಂಬುದು ಭರವಸೆ. ಆಸ್ತಿಯಲ್ಲಿ ಪಾಲು ಸಿಗದ ಕಿರಿಯ ಮಕ್ಕಳು ಭೂಮಿಯ ಆಸೆಗೆ ಹೊರಟರು ಎಂಬ ಮಾತು ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂತು. ಮಠದ ಕಡತಗಳನ್ನು ಒಂದೊಂದಾಗಿ ಓದಿದ ಇತಿಹಾಸಕಾರ ಜೊನಾಥನ್ ರೈಲಿ-ಸ್ಮಿತ್ ಅದನ್ನು ಅಲ್ಲಗಳೆದರು. ಅವರ ಅಂದಾಜಿನಂತೆ ಒಬ್ಬ ಸಾಮಾನ್ಯ ಕುದುರೆಯೋಧನಿಗೆ ಈ ಯಾತ್ರೆಗೆ ತಗಲುತ್ತಿದ್ದುದು ನಾಲ್ಕೈದು ವರ್ಷಗಳ ಆದಾಯ. ಅಷ್ಟನ್ನು ಹೊಂದಿಸಲು ಒಬ್ಬ ಕಿರಿಮಗನ ಕೈಯಲ್ಲಿ ಏನಿತ್ತು? ಇಡೀ ಮನೆತನವೇ ಗಿರಣಿ, ದ್ರಾಕ್ಷಿತೋಟ, ಗೇಣಿಯ ಹಕ್ಕುಗಳನ್ನು ಮಾರಬೇಕಾಗಿತ್ತು. ಅದೂ ಕೆಟ್ಟ ಕಾಲದಲ್ಲಿ. 1090ರ ದಶಕದ ಆರಂಭದ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಬರ ಬಿದ್ದು ಬೆಳೆ ಕೈಕೊಟ್ಟಿತ್ತು. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಕೊಳ್ಳುವ ಶಕ್ತಿಯಿದ್ದದ್ದು ಮಠಗಳಿಗೆ ಮತ್ತು ಬಿಷಪ್ಪರಿಗೆ ಮಾತ್ರ.

ದೊಡ್ಡವರ ಕಥೆಯೂ ಇದೇ. ನಾರ್ಮಂಡಿಯ ಡ್ಯೂಕ್ ರಾಬರ್ಟ್ ತನ್ನ ಇಡೀ ಸಂಸ್ಥಾನವನ್ನೇ ತಮ್ಮನಾದ ಇಂಗ್ಲೆಂಡಿನ ದೊರೆ ವಿಲಿಯಂ ರೂಫಸ್‌ನಿಗೆ 10,000 ಮಾರ್ಕ್ ಬೆಳ್ಳಿಗೆ ಅಡವಿಟ್ಟ. ಆ ಬೆಳ್ಳಿ ರೂಫಸ್‌ನ ಬೊಕ್ಕಸದಲ್ಲಿರಲಿಲ್ಲ. ಅವನು ಇಂಗ್ಲೆಂಡಿನ ಮೇಲೆ ಭಾರೀ ಕಂದಾಯ ಹೇರಿದ. ಅದನ್ನು ಕಟ್ಟಲು ಅಲ್ಲಿನ ಮಠಗಳು ಸಂತರ ಅವಶೇಷಗಳ ಪೆಟ್ಟಿಗೆಗಳ ಬೆಳ್ಳಿಬಂಗಾರದ ಕವಚಗಳನ್ನು ಕಿತ್ತು ಕರಗಿಸಿದವು ಎಂದು ಅಂದಿನ ಬರಹಗಾರರು ನೊಂದು ಬರೆದಿದ್ದಾರೆ. ಜೆರುಸಲೇಮ್ ಎಲ್ಲಿದೆಯೆಂದು ತಿಳಿಯದ ಇಂಗ್ಲೆಂಡಿನ ಒಕ್ಕಲು ಹೀಗೆ ಮೊದಲ ಶಿಲುಬೆ ಯುದ್ಧಕ್ಕೆ ಹಣ ತೆತ್ತಿತು. ರಾಬರ್ಟ್ ಗೆದ್ದು 1100ರಲ್ಲಿ ಮರಳುವಷ್ಟರಲ್ಲಿ ರೂಫಸ್ ಸತ್ತಿದ್ದ, ಕೊನೆಯ ತಮ್ಮ ಹೆನ್ರಿ ಸಿಂಹಾಸನ ಹತ್ತಿಯಾಗಿತ್ತು. 1106ರಲ್ಲಿ ಟಿಂಚೆಬ್ರೆ ಎಂಬಲ್ಲಿ ಅಣ್ಣತಮ್ಮಂದಿರು ಕಾದಾಡಿದರು. ಸೋತ ರಾಬರ್ಟ್ 1134ರಲ್ಲಿ ಸಾಯುವವರೆಗೂ, ಅಂದರೆ 28 ವರ್ಷ, ತಮ್ಮನ ಸೆರೆಯಲ್ಲಿದ್ದ.

ಮನೆಯಲ್ಲಿ ಉಳಿದವರಲ್ಲಿ ಒಬ್ಬಳ ಹೆಸರು ಹೇಳಲೇಬೇಕು, ಬ್ಲ್ವಾ ಸಂಸ್ಥಾನದ ಅಡೇಲಾ. ಅವಳ ಗಂಡ ಸ್ಟೀಫನ್ ಯುದ್ಧಭೂಮಿಯಿಂದ ಅವಳಿಗೆ ಬರೆದ ಪತ್ರಗಳಲ್ಲಿ ಎರಡು ಇಂದಿಗೂ ಉಳಿದಿವೆ. 1098ರಲ್ಲಿ ಆಂಟಿಯೋಕ್ ನಗರದ ಬಳಿ ಪರಿಸ್ಥಿತಿ ಕೈಮೀರಿದೆ ಎನ್ನಿಸಿ ಅವನು ಹಿಂದಿರುಗಿದ. ಆ ಮೇಲೆ ನಗರ ಕ್ರೈಸ್ತರ ಕೈ ಸೇರಿಯೇ ಉಳಿಯಿತು, ಇವನಿಗೆ ಓಡಿಬಂದವನೆಂಬ ಕಳಂಕ ಅಂಟಿಕೊಂಡಿತು. ಹೊರಟವರಿಗೆ ಪುಣ್ಯ ಸಿಗುವ ಸಮಾಜದಲ್ಲಿ ಮರಳಿದವನಿಗೆ ಮನೆಯೊಳಗೂ ನೆಮ್ಮದಿ ಇರುವುದಿಲ್ಲ. ಅಡೇಲಾಳೇ ಅವನನ್ನು ಮತ್ತೆ ಹೋಗುವಂತೆ ಒತ್ತಾಯಿಸಿದಳು ಎಂದು ಸಮಕಾಲೀನ ಬರಹಗಾರ ಆರ್ಡರಿಕ್ ದಾಖಲಿಸಿದ್ದಾನೆ. ಅವನು ಹೋದ, 1102ರಲ್ಲಿ ರಾಮ್ಲಾದಲ್ಲಿ ಸತ್ತ. ಅಡೇಲಾ ಮಕ್ಕಳನ್ನು ಬೆಳೆಸುತ್ತ, ತಂಟೆ ತಕರಾರು ಬಗೆಹರಿಸುತ್ತ, ಸನ್ಯಾಸಿನಿಯಾಗಿ ಮಠ ಸೇರುವವರೆಗೂ ಸಂಸ್ಥಾನ ನಡೆಸಿದಳು. ಗಂಡಸರಿಲ್ಲದ ವರ್ಷಗಳಲ್ಲಿ ಹೀಗೆ ಆಡಳಿತದ ಹೊಣೆ ಹೊತ್ತ ಹೆಂಗಸರು ಎಷ್ಟೋ ಮಂದಿ. ಅದನ್ನು ಸ್ವಾತಂತ್ರ್ಯ ಎಂದು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಸಾಲದ ಭಾರ, ವಾರಸುದಾರರ ಜಗಳ, ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದ ಸ್ಥಿತಿ ಎಲ್ಲವೂ ಆ ಹೊಣೆಯ ಜೊತೆಗೇ ಬಂದವು.

ಮೊದಲು ಸತ್ತವರು ನೆರೆಯವರು

ಮೊದಲ ಶಿಲುಬೆ ಯುದ್ಧದಲ್ಲಿ ಮೊದಲು ಸತ್ತವರು ತುರ್ಕರಲ್ಲ, ಜರ್ಮನಿಯ ರೈನ್ ನದಿಯ ದಂಡೆಯ ಯೆಹೂದಿಗಳು. 1096ರ ಮೇ ತಿಂಗಳಲ್ಲಿ, ಸೇನೆಗಳು ಯೂರೋಪಿನ ಗಡಿ ದಾಟುವ ಮುನ್ನವೇ, ಎಮಿಕೊ ಎಂಬ ಜರ್ಮನ್ ಕೌಂಟ್‌ನ ಜೊತೆ ಸೇರಿದ ಗುಂಪುಗಳು ಸ್ಪೈಯರ್, ವರ್ಮ್ಸ್, ಮೈನ್ಸ್ ನಗರಗಳ ಯೆಹೂದಿ ಕೇರಿಗಳಿಗೆ ನುಗ್ಗಿದವು. ಕ್ರಿಸ್ತನ ವೈರಿಗಳನ್ನು ಹುಡುಕಿಕೊಂಡು ಅಷ್ಟು ದೂರ ಹೋಗುವ ನಾವು ನಡುವೆಯೇ ಇರುವವರನ್ನು ಏಕೆ ಬಿಡಬೇಕು ಎಂಬುದು ಅವರ ತರ್ಕ. ವರ್ಮ್ಸ್‌ನಲ್ಲಿ ಸುಮಾರು 800 ಜನ ಸತ್ತರು. ಮೈನ್ಸ್‌ನಲ್ಲಿ ಸಾವಿರದಷ್ಟು. ಬಲವಂತದ ದೀಕ್ಷಾಸ್ನಾನಕ್ಕೆ ಒಪ್ಪದ ತಾಯಂದಿರು ಮಕ್ಕಳನ್ನು ಕೊಂದು ತಾವೂ ಸತ್ತದ್ದನ್ನು ಹೀಬ್ರೂ ವೃತ್ತಾಂತಗಳು ಹೆಸರು ಹಿಡಿದು ಬರೆದಿಟ್ಟಿವೆ. ಓದಲಾಗದಂಥ ಪುಟಗಳು ಅವು.

ಇದು ಹುಚ್ಚು ಗುಂಪಿನ ಕೆಲಸ ಎಂದು ಬದಿಗಿಡುವುದು ಸುಲಭ. ಆದರೆ ಸ್ಪೈಯರ್‌ನಲ್ಲಿ ಸತ್ತವರು ಹನ್ನೊಂದು ಮಂದಿ ಮಾತ್ರ. ಅಲ್ಲಿನ ಬಿಷಪ್ ಜೋಹಾನ್ ಉಳಿದವರನ್ನು ಕೋಟೆಗಳಲ್ಲಿ ಇಟ್ಟು ಕಾಪಾಡಿದ, ಕೊಲೆಗಡುಕರಲ್ಲಿ ಕೆಲವರನ್ನು ಶಿಕ್ಷಿಸಿದ. ಮೈನ್ಸ್‌ನ ಆರ್ಚ್‌ಬಿಷಪ್ ರಕ್ಷಣೆಯ ಮಾತು ಕೊಟ್ಟು ಕೊನೆಗೆ ತಾನೇ ಓಡಿಹೋದ. ಅಂದರೆ ತಡೆಯಬಹುದಿತ್ತು. 1097ರಲ್ಲಿ ಚಕ್ರವರ್ತಿ 4ನೇ ಹೆನ್ರಿ, ಬಲವಂತಕ್ಕೆ ಮತಾಂತರವಾದ ಯೆಹೂದಿಗಳು ತಮ್ಮ ಧರ್ಮಕ್ಕೆ ಮರಳಬಹುದೆಂದು ಅನುಮತಿ ಕೊಟ್ಟ. ಚಕ್ರವರ್ತಿಯೇ ಬೆಂಬಲಿಸಿದ್ದ ಪ್ರತಿಪೋಪ್ 3ನೇ ಕ್ಲೆಮೆಂಟ್ ಅದನ್ನು ವಿರೋಧಿಸಿದ. ಎಮಿಕೊನ ಗುಂಪು ಹಂಗೆರಿಯಲ್ಲೇ ಪುಡಿಯಾಯಿತು. ಅವನು ಜೆರುಸಲೇಮನ್ನು ಕಾಣಲೇ ಇಲ್ಲ.

ದ್ವೇಷದ ಜೊತೆ ಹಣದ ಎಳೆಯೂ ಹೆಣೆದುಕೊಂಡಿತ್ತು. ಮುಂದೆ ಜೆರುಸಲೇಮಿನ ಮೊದಲ ಕ್ರೈಸ್ತ ಒಡೆಯನಾದ ಗಾಡ್‌ಫ್ರಿಯೂ ಹೊರಡುವ ಮುನ್ನ ಯೆಹೂದಿಗಳ ರಕ್ತದಿಂದ ಸೇಡು ತೀರಿಸಿಕೊಳ್ಳುವುದಾಗಿ ಹೇಳುತ್ತಿದ್ದನೆಂದೂ, ಕೊಲೋನ್ ಮತ್ತು ಮೈನ್ಸ್‌ನ ಯೆಹೂದಿಗಳು ತಲಾ 500 ಬೆಳ್ಳಿ ನಾಣ್ಯ ಒಪ್ಪಿಸಿ ಅವನನ್ನು ಸಮಾಧಾನಪಡಿಸಿದರೆಂದೂ ಒಂದು ಹೀಬ್ರೂ ವೃತ್ತಾಂತ ಹೇಳುತ್ತದೆ. ಮುಂದಿನ ಶತಮಾನದಲ್ಲಿ ಈ ಎಳೆ ಇನ್ನೂ ಸ್ಪಷ್ಟವಾಗುತ್ತದೆ. 1190ರ ಮಾರ್ಚ್‌ನಲ್ಲಿ, ದೊರೆ ರಿಚರ್ಡ್ ಮೂರನೆಯ ಶಿಲುಬೆ ಯುದ್ಧಕ್ಕೆ ಸಜ್ಜಾಗುತ್ತಿದ್ದಾಗ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸುಮಾರು 150 ಯೆಹೂದಿಗಳು ಕೋಟೆಯ ಬುರುಜಿನಲ್ಲಿ ಆಶ್ರಯ ಪಡೆದರು. ಸುತ್ತ ನೆರೆದವರಲ್ಲಿ ಯುದ್ಧಯಾತ್ರೆಯ ಹರಕೆ ಹೊತ್ತು ಶಿಲುಬೆ ತೊಟ್ಟವರಿದ್ದರು, ಯೆಹೂದಿಗಳಿಂದ ಸಾಲ ಪಡೆದಿದ್ದ ಊರ ಗಣ್ಯರೂ ಇದ್ದರು. ಮಾರ್ಚ್ 16ರ ರಾತ್ರಿ ಒಳಗಿದ್ದ ಬಹುತೇಕರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಜೀವದಾನದ ಮಾತು ನಂಬಿ ಹೊರಬಂದವರನ್ನು ಗುಂಪು ಕೊಂದಿತು. ಆಮೇಲೆ ಕೊಲೆಗಾರರು ನೇರ ಹೋದದ್ದು ಪ್ರಧಾನ ಚರ್ಚಿಗೆ. ಅಲ್ಲಿ ಜೋಪಾನವಾಗಿಟ್ಟಿದ್ದ ಸಾಲಪತ್ರಗಳನ್ನು ಕಿತ್ತು ತಂದು ಚರ್ಚಿನ ಒಳಗೇ ಸುಟ್ಟರು.

ಸರ್ಕಾರ ಇದರಿಂದ ಕಲಿತ ಪಾಠ ಏನು ನೋಡಿ. ಯೆಹೂದಿಗಳ ಆಸ್ತಿ, ಸಾಲ ಎಲ್ಲವೂ ಅಂತಿಮವಾಗಿ ದೊರೆಗೆ ಸೇರಿದ್ದೆಂಬುದು ಅಂದಿನ ಕಟ್ಟಳೆ. ಪತ್ರ ಸುಟ್ಟರೆ ನಷ್ಟ ದೊರೆಗೆ. ಹಾಗಾಗಿ 1194ರಲ್ಲಿ ಆಯ್ದ ಪಟ್ಟಣಗಳಲ್ಲಿ ಸಾಲಪತ್ರದ ಪ್ರತಿ ಇಡಲು ಸರ್ಕಾರಿ ಪೆಟ್ಟಿಗೆಗಳು ಬಂದವು, ಲೆಕ್ಕಕ್ಕೆ ಗುಮಾಸ್ತರು ನೇಮಕವಾದರು. ಜನರಿಗಿಂತ ಪತ್ರಗಳು ಭದ್ರವಾದವು. 1270ರ ಹೊತ್ತಿಗೆ, ರಾಜಕುಮಾರ ಎಡ್ವರ್ಡ್‌ನ ಯಾತ್ರೆಗೆ ಚರಾಸ್ತಿಯ ಇಪ್ಪತ್ತನೆಯ ಒಂದು ಪಾಲು ತೆರಿಗೆ ಕೇಳಿದಾಗ, ಯೆಹೂದಿಗಳ ಲೇವಾದೇವಿಗೆ ಕಡಿವಾಣ ಹಾಕುವ ಕಾನೂನು ಆ ಕೊಡುಕೊಳ್ಳುವಿಕೆಯ ಭಾಗವಾಗಿತ್ತು. ಅದೇ ಎಡ್ವರ್ಡ್ ದೊರೆಯಾಗಿ 1290ರಲ್ಲಿ ಯೆಹೂದಿಗಳೆಲ್ಲರನ್ನೂ ಇಂಗ್ಲೆಂಡಿನಿಂದ ಹೊರಹಾಕಿದ. ಅವರಿಗೆ ಮತ್ತೆ ಅಲ್ಲಿ ಬಹಿರಂಗವಾಗಿ ಬಾಳಲು ಅವಕಾಶವಾದದ್ದು 1656ರ ಸುಮಾರಿಗೆ.

ಖಜಾನೆ ಕಲಿತ ಪಾಠ

1187ರಲ್ಲಿ ಸಲಾದೀನ್ ಜೆರುಸಲೇಮನ್ನು ಮರಳಿ ಗೆದ್ದಾಗ ಇಂಗ್ಲೆಂಡ್ ಮತ್ತು ಫ್ರಾನ್ಸಿನ ದೊರೆಗಳು ಒಂದು ಹೊಸ ತೆರಿಗೆ ಹಾಕಿದರು. 1188ರ ಆ ತೆರಿಗೆಗೆ ಸಲಾದೀನನ ಹೆಸರೇ ಅಂಟಿತು. ಆದಾಯದಲ್ಲೂ ಚರಾಸ್ತಿಯಲ್ಲೂ ಹತ್ತನೆಯ ಒಂದು ಪಾಲು. ಅಲ್ಲಿಯವರೆಗೆ ದೊರೆಗಳು ಮುಖ್ಯವಾಗಿ ಭೂಮಿಯ ಮೇಲೆ ಕಂದಾಯ ಎತ್ತುತ್ತಿದ್ದರು. ಮನೆಯೊಳಗಿನ ದವಸ, ದನ, ಪಾತ್ರೆಗಳಿಗೆ ಬೆಲೆ ಕಟ್ಟುವ ಪದ್ಧತಿ ಬೇರೂರಿದ್ದು ಇಂಥ ವಸೂಲಿಗಳಿಂದ. ಪ್ರತಿ ಧರ್ಮಕೇಂದ್ರದಲ್ಲೂ ಪಾದ್ರಿ, ದೊರೆಯ ಗುಮಾಸ್ತ, ಟೆಂಪ್ಲರ್ ಯೋಧಸನ್ಯಾಸಿಗಳ ಎದುರು ಹಣ ಎಣಿಸಬೇಕು. ಯಾರಾದರೂ ಕಡಿಮೆ ತೋರಿಸಿದ್ದಾನೆಂಬ ಅನುಮಾನ ಬಂದರೆ ಅದೇ ಊರಿನ ಕೆಲವರು ಪ್ರಮಾಣ ಮಾಡಿ ಅವನ ಆಸ್ತಿ ಎಷ್ಟೆಂದು ಹೇಳಬೇಕು. ಶಿಲುಬೆ ತೊಟ್ಟು ಹೊರಟವರಿಗೆ ಮಾತ್ರ ವಿನಾಯಿತಿ. ಫ್ರಾನ್ಸಿನಲ್ಲಿ ಪ್ರತಿರೋಧ ಎಷ್ಟಿತ್ತೆಂದರೆ ದೊರೆ ಫಿಲಿಪ್ ಮರುವರ್ಷವೇ ಅದನ್ನು ಕೈಬಿಟ್ಟ. ಇಂಗ್ಲೆಂಡಿನ ಆಡಳಿತಯಂತ್ರ ಗಟ್ಟಿಯಾಗಿದ್ದರಿಂದ ಅಲ್ಲಿ ವಸೂಲಾಯಿತು.

ರಿಚರ್ಡ್ ಇನ್ನೂ ಮುಂದೆ ಹೋದ. ಅಧಿಕಾರದ ಹುದ್ದೆಗಳನ್ನು ಮಾರಿದ. ಸ್ಕಾಟ್ಲೆಂಡಿನ ಮೇಲಿದ್ದ ಅಧೀನತೆಯ ಹಕ್ಕನ್ನು 1189ರಲ್ಲಿ 10,000 ಮಾರ್ಕ್‌ಗೆ ಬಿಟ್ಟುಕೊಟ್ಟ. ಯುದ್ಧದಿಂದ ಮರಳುವಾಗ 1192ರ ಕೊನೆಯಲ್ಲಿ ವಿಯೆನ್ನಾ ಬಳಿ ಸೆರೆ ಸಿಕ್ಕ. ಹಿಡಿದದ್ದು ಅದೇ ಯುದ್ಧದಲ್ಲಿ ಅವನ ಜೊತೆ ಹೋರಾಡಿದ್ದ ಆಸ್ಟ್ರಿಯದ ಡ್ಯೂಕ್ ಲಿಯೋಪೋಲ್ಡ್. ಬಿಡುಗಡೆಯ ಹಣ 1,50,000 ಮಾರ್ಕ್. ಅದಕ್ಕಾಗಿ ಪ್ರಜೆಗಳಿಂದ ಆದಾಯದ ನಾಲ್ಕನೆಯ ಒಂದು ಪಾಲು, ಸಿಸ್ಟರ್ಷಿಯನ್ ಮಠಗಳಿಂದ ಅವರ ಒಂದು ವರ್ಷದ ಉಣ್ಣೆ, ಚರ್ಚುಗಳಿಂದ ಬೆಳ್ಳಿಬಂಗಾರ. ಇಂದಿಗೂ ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ ಕುದುರೆಯೇರಿ ಕತ್ತಿ ಎತ್ತಿದ ರಿಚರ್ಡ್‌ನ ಪ್ರತಿಮೆ ಇದೆ. ಹಣ ತೆತ್ತವರಿಗೆ ಪ್ರತಿಮೆಯಿಲ್ಲ.

ಈ ಲೆಕ್ಕದಲ್ಲಿ ಒಂದು ಒಳ್ಳೆಯ ಪುಟವೂ ಇದೆ, ಅದನ್ನು ಮರೆಮಾಚಬಾರದು. ಫ್ರಾನ್ಸಿನ 9ನೇ ಲೂಯಿ ಯಾತ್ರೆಗೆ ಮುನ್ನ ತನ್ನ ಆತ್ಮ ಶುದ್ಧವಾಗಿರಬೇಕೆಂದು ಬಯಸಿದ. ದೊರೆಯ ಹೆಸರಿನಲ್ಲಿ ಅಧಿಕಾರಿಗಳು ಮಾಡಿದ ಅನ್ಯಾಯವೂ ದೊರೆಯ ಪಾಪವೇ ಎಂದು ತಿಳಿದ. 1247ರಲ್ಲಿ ಹಳ್ಳಿಹಳ್ಳಿಗೆ ವಿಚಾರಣಾಧಿಕಾರಿಗಳನ್ನು ಕಳಿಸಿದ. ಅವರಲ್ಲಿ ಹೆಚ್ಚಿನವರು ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಸನ್ಯಾಸಿಗಳು. ಕುದುರೆ ಕಿತ್ತುಕೊಂಡರು, ವೃಥಾ ದಂಡ ಹಾಕಿದರು ಎಂದು ವಿಧವೆಯರು, ರೈತರು ಹೇಳಿಕೊಂಡ ದೂರುಗಳು ದಾಖಲೆಯಾಗಿ ಉಳಿದಿವೆ. ಎಷ್ಟೋ ಜನರಿಗೆ ಪರಿಹಾರ ಸಿಕ್ಕಿತು. 1250ರಲ್ಲಿ ಈಜಿಪ್ಟಿನಲ್ಲಿ ಸೋತು ಸೆರೆಯಾಗಿ, ದೊಡ್ಡ ಮೊತ್ತ ತೆತ್ತು ಬಿಡಿಸಿಕೊಂಡು ಬಂದ ಮೇಲೆ, 1254ರಲ್ಲಿ ಅವನು ಅಧಿಕಾರಿಗಳು ಕಾಣಿಕೆ ಪಡೆಯಬಾರದು, ತಾವು ಆಳುವ ಸೀಮೆಯಲ್ಲಿ ಆಸ್ತಿ ಕೊಳ್ಳಬಾರದು ಎಂಬ ಕಟ್ಟಳೆ ಹೊರಡಿಸಿದ. ಆದರೆ ಆ ಯಾತ್ರೆಯ ಖರ್ಚು 15 ಲಕ್ಷ ಲಿವ್ರ್‌ಗೂ ಮೀರಿತ್ತು. ಅವನ ವಾರ್ಷಿಕ ವರಮಾನ ಸುಮಾರು ಎರಡೂವರೆ ಲಕ್ಷ. ಕೊರತೆಯ ಬಹುಪಾಲನ್ನು ತುಂಬಿದ್ದು ಚರ್ಚಿನ ಆದಾಯದ ಮೇಲೆ ಹಾಕಿದ ತೆರಿಗೆ.

ಹರಕೆಗೆ ಬೆಲೆ

ಚರ್ಚಿಗೂ ತೆರಿಗೆಯೇ? ಹೌದು, ಅದನ್ನು ಶುರುಮಾಡಿದವರು ಪೋಪರೇ. 1199ರಲ್ಲಿ 3ನೇ ಇನ್ನೊಸೆಂಟ್ ಪಾದ್ರಿಗಳ ಆದಾಯದ ನಲವತ್ತನೆಯ ಒಂದು ಪಾಲನ್ನು ಯುದ್ಧಕ್ಕೆ ಕೊಡಬೇಕೆಂದ. ಪ್ರತಿ ಚರ್ಚಿನಲ್ಲೂ ಮೂರು ಬೀಗದ ಕೈಗಳ ಹುಂಡಿ ಇಡಿಸಿದ. 1213ರಲ್ಲಿ ಅವನು ತೆಗೆದುಕೊಂಡ ತೀರ್ಮಾನ ಇನ್ನೂ ದೂರಗಾಮಿ: ಮುದುಕರಿರಲಿ, ಕಾಯಿಲೆಯವರಿರಲಿ, ಯಾರು ಬೇಕಾದರೂ ಶಿಲುಬೆಯ ಹರಕೆ ಹೊರಬಹುದು, ಹೋಗಲಾಗದವರು ಹಣ ಕೊಟ್ಟು ಹರಕೆಯಿಂದ ಬಿಡುಗಡೆ ಪಡೆಯಬಹುದು, ಅವರಿಗೂ ಪುಣ್ಯದಲ್ಲಿ ಪಾಲಿದೆ. ಉದ್ದೇಶ ಉದಾರವಾದದ್ದೇ. ಯುದ್ಧಕ್ಕೆ ಹೋಗಲಾಗದ ಬಡವರೂ ಹೆಂಗಸರೂ ಪುಣ್ಯದಿಂದ ಏಕೆ ವಂಚಿತರಾಗಬೇಕು? ಆಚರಣೆಯಲ್ಲಿ ಆದದ್ದೇ ಬೇರೆ. ಪ್ರಚಾರಕರು ಇವತ್ತು ಹರಕೆ ಹೊರಿಸಿ ನಾಳೆ ದುಡ್ಡು ಪಡೆದು ಬಿಡಿಸುತ್ತಿದ್ದರು ಎಂದು ಇಂಗ್ಲೆಂಡಿನ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ 13ನೇ ಶತಮಾನದ ನಡುವೆ ಕಟುವಾಗಿ ಬರೆದ. ಹರಕೆ ತಪ್ಪಿದವನು ತಪ್ಪುಕಾಣಿಕೆ ಕಟ್ಟುವುದು ನಮಗೂ ಗೊತ್ತಿರುವ ರೂಢಿ. ಇಲ್ಲಿ ಮಾತ್ರ ಕಾಣಿಕೆಯನ್ನು ಪಡೆಯುವುದಕ್ಕೆಂದೇ ಹರಕೆ ಹೊರಿಸಲಾಯಿತು.

ಅಲ್ಲಿಂದ ಪಾಪಪರಿಹಾರದ ಪತ್ರಗಳ ಮಾರಾಟಕ್ಕೆ ದಾರಿ ತೆರೆಯಿತು. ಯೂರೋಪಿನಲ್ಲಿ ಅಚ್ಚಿನ ಮೊಳೆಗಳಿಂದ ಮುದ್ರಿಸಿ, ತಾರೀಖು ಸಮೇತ ಉಳಿದಿರುವ ಅತ್ಯಂತ ಹಳೆಯ ಕಾಗದಗಳಲ್ಲಿ 1454ರ ಒಂದು ಪಾಪಪರಿಹಾರ ಪತ್ರವಿದೆ. ಸೈಪ್ರಸ್ ದ್ವೀಪವನ್ನು ತುರ್ಕರಿಂದ ರಕ್ಷಿಸಲು ಹಣ ಕೂಡಿಸುವುದು ಅದರ ಉದ್ದೇಶ. ಕೊಂಡವರ ಹೆಸರು ತುಂಬಲು ಜಾಗ ಖಾಲಿ ಬಿಟ್ಟಿದೆ. ಇದಾಗಿ 63 ವರ್ಷಕ್ಕೆ, 1517ರಲ್ಲಿ, ಮಾರ್ಟಿನ್ ಲೂಥರ್ ಇಂಥ ಪತ್ರಗಳ ವಿರುದ್ಧವೇ ದನಿಯೆತ್ತಿದ. ಪಶ್ಚಿಮದ ಚರ್ಚು ಇಬ್ಭಾಗವಾಯಿತು.

ಹಣದ ಒತ್ತಡ ಯುದ್ಧದ ದಿಕ್ಕನ್ನೇ ತಿರುಗಿಸಿದ ಪ್ರಸಂಗ ಎಲ್ಲರಿಗೂ ಪರಿಚಿತ. ನಾಲ್ಕನೆಯ ಶಿಲುಬೆ ಯುದ್ಧದ ನಾಯಕರು 1201ರಲ್ಲಿ 33,500 ಜನರನ್ನು ಸಾಗಿಸಲು ವೆನಿಸ್ ನಗರದೊಂದಿಗೆ 85,000 ಮಾರ್ಕ್‌ಗೆ ಒಪ್ಪಂದ ಮಾಡಿಕೊಂಡರು. ಬಂದವರು ಅದರ ಮೂರನೆಯ ಒಂದರಷ್ಟು. ಸಾಲ ತೀರಿಸಲು ಮೊದಲು ಜಾರಾ ಎಂಬ ಕ್ರೈಸ್ತ ಪಟ್ಟಣವನ್ನು ಗೆದ್ದುಕೊಟ್ಟರು. ಕೊನೆಗೆ 1204ರ ಏಪ್ರಿಲ್‌ನಲ್ಲಿ ಕ್ರೈಸ್ತ ಜಗತ್ತಿನ ಅತಿ ದೊಡ್ಡ ನಗರವಾಗಿದ್ದ ಕಾನ್‌ಸ್ಟಾಂಟಿನೋಪಲ್ಲನ್ನೇ ಲೂಟಿ ಮಾಡಿದರು.

ಯುದ್ಧ ಮನೆಯೊಳಗೆ ಬಂದಾಗ

ಆದರೆ ಈ ಇಡೀ ಇತಿಹಾಸದ ಅತ್ಯಂತ ಕಹಿಯಾದ ತಿರುವು ನನ್ನ ದೃಷ್ಟಿಯಲ್ಲಿ ದಕ್ಷಿಣ ಫ್ರಾನ್ಸಿನದು. ತೂಲೂಸ್, ಬೆಝಿಯೆ, ಕಾರ್ಕಸೋನ್ ನಗರಗಳ ಸುತ್ತಲಿನ ಆ ಸೀಮೆಗೆ ತನ್ನದೇ ಆದ ಭಾಷೆಯಿತ್ತು, ಊರೂರು ಅಲೆದು ಹಾಡುವ ಕವಿಗಳ ದೊಡ್ಡ ಪರಂಪರೆಯಿತ್ತು, ನಗರಗಳಿಗೆ ತಕ್ಕಮಟ್ಟಿನ ಸ್ವಯಮಾಡಳಿತವಿತ್ತು. ಅಲ್ಲಿ ಕಾಥರ್ ಎಂದು ಹೆಸರಾದ ಭಿನ್ನ ಪಂಥದವರೂ ಕ್ಯಾಥೊಲಿಕರೂ ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಬಾಳುತ್ತಿದ್ದರು. 1208ರ ಜನವರಿಯಲ್ಲಿ ಪೋಪನ ಪ್ರತಿನಿಧಿಯೊಬ್ಬನ ಕೊಲೆಯಾಯಿತು. ಇನ್ನೊಸೆಂಟ್ ಈ ಸೀಮೆಯ ಮೇಲೆಯೇ ಶಿಲುಬೆ ಯುದ್ಧ ಸಾರಿದ. ಜೆರುಸಲೇಮಿಗೆ ಹೋದವರಿಗೆ ಸಿಗುವ ಪುಣ್ಯವೇ ಇಲ್ಲೂ ಸಿಗುತ್ತದೆ. ಕಡಲು ದಾಟಬೇಕಿಲ್ಲ, 40 ದಿನ ಹೋರಾಡಿದರೆ ಸಾಕು.

1209ರ ಜುಲೈ 22ರಂದು ಬೆಝಿಯೆ ನಗರ ಬಿತ್ತು. ಅಲ್ಲಿನ ಕ್ಯಾಥೊಲಿಕರು ಭಿನ್ನ ಪಂಥದ ನೆರೆಯವರನ್ನು ಒಪ್ಪಿಸಲು ನಿರಾಕರಿಸಿದ್ದರು. ಎಲ್ಲರೂ ಒಟ್ಟಿಗೆ ಸತ್ತರು, ಚರ್ಚಿನೊಳಗೆ ಆಶ್ರಯ ಪಡೆದವರೂ ಸೇರಿ. ಸೇನೆಯ ಜೊತೆಗಿದ್ದ ಮಠಾಧಿಪತಿ ಆರ್ನೋ ಅಮಾಲ್ರಿಕ್ ಆಡಿದನೆನ್ನುವ ಒಂದು ಕ್ರೂರ ಮಾತು ಪ್ರಸಿದ್ಧವಾಗಿದೆ. ಅದು ಬಹುಶಃ ಆಮೇಲೆ ಹುಟ್ಟಿದ ಕಥೆ. ಅದರ ಅಗತ್ಯವೂ ಇಲ್ಲ, ಏಕೆಂದರೆ ವಯಸ್ಸು, ಲಿಂಗ, ಅಂತಸ್ತು ನೋಡದೆ ಸುಮಾರು 20,000 ಜನರನ್ನು ಕೊಂದೆವೆಂದು ಅವನೇ ಪೋಪನಿಗೆ ಪತ್ರ ಬರೆದಿದ್ದಾನೆ. ಸಂಖ್ಯೆ ಉತ್ಪ್ರೇಕ್ಷೆ ಎನ್ನುತ್ತಾರೆ ಇತಿಹಾಸಕಾರರು. ಆದರೆ ಅದನ್ನು ದೊಡ್ಡದು ಮಾಡಿ ಹೇಳಿಕೊಳ್ಳಬೇಕೆನ್ನಿಸಿದ ಆ ಮನಸ್ಥಿತಿ ಉತ್ಪ್ರೇಕ್ಷೆಯಲ್ಲ.

ಸೇನಾನಿ ಸಿಮೋನ್ ದ ಮೋಂಫೋರ್ 1212ರಲ್ಲಿ ಪಾಮಿಯೆ ಎಂಬಲ್ಲಿ ಹೊಸ ಕಟ್ಟಳೆಗಳನ್ನು ತಂದ. ಉತ್ತರ ಫ್ರಾನ್ಸಿನ ವಾರಸುದಾರಿಕೆಯ ಪದ್ಧತಿ ದಕ್ಷಿಣಕ್ಕೆ ಬಂತು. ಕೋಟೆಕೊತ್ತಲಗಳ ಒಡೆತನವಿದ್ದ ವಿಧವೆಯರೂ ಹೆಣ್ಣುಮಕ್ಕಳೂ ಹತ್ತು ವರ್ಷ ಕಾಲ ಅವನ ಅಪ್ಪಣೆಯಿಲ್ಲದೆ ಸ್ಥಳೀಯರನ್ನು ಮದುವೆಯಾಗುವಂತಿರಲಿಲ್ಲ, ಉತ್ತರದವರನ್ನಾದರೆ ಆಗಬಹುದು. ಭಿನ್ನಮತ ಅಳಿಸಲು ಹೊರಟ ಯುದ್ಧ ಮದುವೆಯ ಮೂಲಕ ಆಸ್ತಿ ಕೈ ಬದಲಾಯಿಸುವ ಹಂತಕ್ಕೆ ಬಂದು ನಿಂತಿತ್ತು. 1218ರಲ್ಲಿ ತೂಲೂಸಿನ ಕೋಟೆಯಿಂದ ತೂರಿಬಂದ ಕಲ್ಲು ಬಡಿದು ಸಿಮೋನ್ ಸತ್ತ. ಆ ಕಲ್ಲನ್ನು ಎಸೆದ ಯಂತ್ರವನ್ನು ನಡೆಸುತ್ತಿದ್ದವರು ಹೆಂಗಸರು ಎಂದು ಅಲ್ಲಿನ ಭಾಷೆಯ ಸಮಕಾಲೀನ ಕಾವ್ಯ ಹೇಳುತ್ತದೆ. 1229ರ ಒಪ್ಪಂದದಂತೆ ತೂಲೂಸಿನ ಒಡೆಯನ ಒಬ್ಬಳೇ ಮಗಳು ಫ್ರೆಂಚ್ ದೊರೆಯ ತಮ್ಮನ ಹೆಂಡತಿಯಾಗಬೇಕಾಯಿತು. ಆ ದಂಪತಿಗಳು ಮಕ್ಕಳಿಲ್ಲದೆ ಸತ್ತಾಗ 1271ರಲ್ಲಿ ಸೀಮೆ ಫ್ರಾನ್ಸಿನ ದೊರೆತನಕ್ಕೆ ಸೇರಿತು.

ಯುದ್ಧ ನಿಂತ ಮೇಲೆ ವಿಚಾರಣೆ ಶುರುವಾಯಿತು. 1233ರಿಂದ ಪೋಪ್ 9ನೇ ಗ್ರೆಗೊರಿ ಡೊಮಿನಿಕನ್ ಸನ್ಯಾಸಿಗಳಿಗೆ ಆ ಹೊಣೆ ವಹಿಸಿದ. ಇದೇ ಇಂಕ್ವಿಸಿಷನ್ನಿನ ಮೊದಲ ರೂಪ. 1245–46ರಲ್ಲಿ ತೂಲೂಸಿನ ಒಂದು ಮಠದ ಅಂಗಳಕ್ಕೆ ಸುತ್ತಲಿನ ಹಳ್ಳಿಗಳ 5,000ಕ್ಕೂ ಹೆಚ್ಚು ಜನರನ್ನು ಕರೆಸಿ ಒಬ್ಬೊಬ್ಬರನ್ನೇ ಪ್ರಶ್ನಿಸಿದರು. ಭಿನ್ನಮತೀಯರನ್ನು ಎಂದಾದರೂ ಕಂಡಿದ್ದೀಯಾ, ಅವರಿಗೆ ತಲೆಬಾಗಿದ್ದೀಯಾ, ಊಟ ಕೊಟ್ಟಿದ್ದೀಯಾ, ಆಗ ಜೊತೆಗೆ ಯಾರಿದ್ದರು? ಮೂವತ್ತು ವರ್ಷ ಹಿಂದೆ ಮನೆಬಾಗಿಲಿಗೆ ಬಂದವನಿಗೆ ಮಾಡಿದ ನಮಸ್ಕಾರವೂ ಈಗ ಅಪರಾಧ. ಅಕ್ಕ ತಂಗಿಯ ಹೆಸರು ಹೇಳಬೇಕು, ಮಗ ತಾಯಿಯ ಹೆಸರು ಹೇಳಬೇಕು. ತಪ್ಪೊಪ್ಪಿದವರು ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿಸಿಕೊಂಡು ತಿರುಗಬೇಕಿತ್ತು. ಸತ್ತವರ ಮೇಲೆ ಆರೋಪ ಸಾಬೀತಾದರೆ ಗೋರಿಯಿಂದ ಎಲುಬು ತೆಗೆದು ಸುಡುತ್ತಿದ್ದರು. ನೆನಪನ್ನೇ ಸಾಕ್ಷಿಯಾಗಿಸಿ, ಅದನ್ನು ಬರೆದಿಟ್ಟು, ಹತ್ತು ವರ್ಷದ ಮೇಲೂ ತೆಗೆದು ತಾಳೆ ನೋಡುವ ಈ ಪದ್ಧತಿ ಹಿಂದಿನ ಯಾವ ಸೇನೆಗಿಂತಲೂ ಆಳಕ್ಕೆ ಇಳಿಯಿತು.

ಅದು ಅಲ್ಲಿಗೇ ನಿಲ್ಲಲೂ ಇಲ್ಲ. ಕ್ಯಾಟಲೋನಿಯದ ನಿಕೋಲಾವ್ ಎಮೆರಿಕ್ 1376ರಲ್ಲಿ ವಿಚಾರಣೆಯ ಕೈಪಿಡಿಯೊಂದನ್ನು ಬರೆದ. 16ನೇ ಶತಮಾನದಲ್ಲಿ ಅದು ಹೊಸ ವ್ಯಾಖ್ಯಾನದೊಂದಿಗೆ ಮತ್ತೆ ಅಚ್ಚಾಯಿತು. ಅಷ್ಟರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ತಮ್ಮದೇ ಇಂಕ್ವಿಸಿಷನ್ ಕಟ್ಟಿಕೊಂಡಿದ್ದವು. ಪೋರ್ಚುಗಲ್ಲಿನದು 1560ರಲ್ಲಿ ಗೋವಕ್ಕೆ ಬಂದು, ನಡುವೆ ಕೆಲವು ವರ್ಷ ಬಿಟ್ಟು, 1812ರವರೆಗೆ ಇತ್ತು. ಅದರ ಭಯ, ಜೊತೆಗೆ ಬರ, ತೆರಿಗೆ, ಮರಾಠರ ದಾಳಿಗಳು ಸೇರಿ ಎಷ್ಟೋ ಕೊಂಕಣಿ ಕುಟುಂಬಗಳನ್ನು ದಕ್ಷಿಣಕ್ಕೆ, ಕೆಳದಿ ಅರಸರ ಕರಾವಳಿಗೆ ಕಳಿಸಿದವು. ಕೆಳದಿಯವರು ಅವರ ಕೃಷಿಯ ಜಾಣ್ಮೆ ಕಂಡು ನೆಲ ಕೊಟ್ಟರು. ಇಂದಿನ ಮಂಗಳೂರಿನ ಕ್ಯಾಥೊಲಿಕ್ ಸಮುದಾಯದ ಮೂಲ ಬಹುಪಾಲು ಆ ವಲಸೆಯಲ್ಲಿದೆ.

ಲಾಭವೇನೂ ಇರಲಿಲ್ಲವೇ?

ಈ ಯುದ್ಧಗಳಿಂದ ಯೂರೋಪಿಗೆ ಅರಬ್ಬರ ಜ್ಞಾನ ಬಂತು, ವ್ಯಾಪಾರ ಬೆಳೆಯಿತು, ಪಾಳೆಯಗಾರಿಕೆ ಸಡಿಲವಾಯಿತು ಎಂದು ಓದಿದ್ದೇವೆ. ಟೈರ್ ಪಟ್ಟಣದ ಸುತ್ತಲಿನ ಕಬ್ಬಿನ ಗದ್ದೆಗಳಿಂದ ಸಕ್ಕರೆಯ ರುಚಿ ಹತ್ತಿದ್ದು ನಿಜ, ಕೋಟೆ ಕಟ್ಟುವ ಕಲೆ ಬೆಳೆದದ್ದೂ ನಿಜ. ಜ್ಞಾನದ ಮಾತು ಮಾತ್ರ ಹಾಗಲ್ಲ. ಅರಬ್ಬೀ ಗ್ರಂಥಗಳು ಲ್ಯಾಟಿನ್ನಿಗೆ ಬಂದದ್ದು ಹೆಚ್ಚಾಗಿ ಸ್ಪೇನಿನ ಟೊಲೆಡೊ ಮತ್ತು ಸಿಸಿಲಿಯಲ್ಲಿ, ಮುಸ್ಲಿಂ, ಯೆಹೂದಿ, ಕ್ರೈಸ್ತ ಪಂಡಿತರು ಒಟ್ಟಿಗೆ ಕೂತ ಕಡೆ. ಭಾರತದಲ್ಲಿ ಹುಟ್ಟಿದ ಅಂಕಿಗಳನ್ನು ಯೂರೋಪಿಗೆ ವಿವರಿಸಿದ ಫಿಬೊನಾಚಿ ಅವನ್ನು ಕಲಿತದ್ದು ಉತ್ತರ ಆಫ್ರಿಕದ ಬಂದರಿನಲ್ಲಿ, ತಂದೆಯ ವ್ಯಾಪಾರದ ಕೆಲಸದ ಊರಿನಲ್ಲಿ. ವೆನಿಸ್ಸಿಗೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ವ್ಯಾಪಾರದ ರಿಯಾಯಿತಿ ಸಿಕ್ಕಿದ್ದು ಮೊದಲ ಶಿಲುಬೆ ಯುದ್ಧಕ್ಕೂ ಮುಂಚೆ. ಕತ್ತಿ ಹಿಡಿದವರ ಖಾತೆಗೆ ಪಂಡಿತರ ಮತ್ತು ವರ್ತಕರ ದುಡಿಮೆಯನ್ನು ಜಮಾ ಮಾಡುವುದು ಅನ್ಯಾಯ.

ಜನರಿಗೆ ಇದೆಲ್ಲ ತಿಳಿಯುತ್ತಿರಲಿಲ್ಲ ಎಂದುಕೊಳ್ಳಬೇಡಿ. 1250ರಲ್ಲಿ ಲೂಯಿ ಸೋತ ಸುದ್ದಿ ಬಂದಾಗ ಫ್ರಾನ್ಸಿನ ಜನ, ಯುದ್ಧಕ್ಕೆ ಹುರಿದುಂಬಿಸಿದ್ದ ಸನ್ಯಾಸಿಗಳು ಭಿಕ್ಷೆಗೆ ಬಂದರೆ ಅವರನ್ನು ಬಿಟ್ಟು ಬೇರೆ ಬಡವರನ್ನು ಕರೆದು, ಕ್ರಿಸ್ತನಿಗಿಂತ ಬಲಶಾಲಿಯಾದ ಮಹಮ್ಮದನ ಹೆಸರಿನಲ್ಲಿ ತೆಗೆದುಕೋ ಎಂದು ಕಾಸು ಹಾಕುತ್ತಿದ್ದರಂತೆ. ಇಟಲಿಯ ಸನ್ಯಾಸಿ ಸಲಿಂಬೆನೆ ಇದನ್ನು ದಾಖಲಿಸಿದ್ದಾನೆ. ಮರುವರ್ಷ ದೊರೆಯನ್ನು ಬಿಡಿಸುತ್ತೇವೆಂದು ಕುರಿಗಾಹಿಗಳೂ ಕೂಲಿಗಳೂ ದಂಡುಕಟ್ಟಿ ಹೊರಟರು. ಅವರ ಸಿಟ್ಟು ಓರ್ಲೆಯಾನಿನಲ್ಲಿ ಪಾದ್ರಿಗಳ ಮೇಲೆ, ಬೂರ್ಜ್‌ನಲ್ಲಿ ಯೆಹೂದಿಗಳ ಮೇಲೆ ತಿರುಗಿತು. ಕೊನೆಗೆ ಆಡಳಿತವೇ ಅವರನ್ನು ಚದುರಿಸಿತು.

1291ರಲ್ಲಿ ಅಕ್ಕೋ ಬಂದರು ಬಿದ್ದು ಪೂರ್ವದ ಕ್ರೈಸ್ತ ರಾಜ್ಯಗಳು ಅಳಿದವು. ಅಲ್ಲಿ ಕಾದಾಡಿದ ಟೆಂಪ್ಲರ್ ಯೋಧಸನ್ಯಾಸಿಗಳು ಯಾತ್ರಿಕರ ಹಣ ಕಾಯುತ್ತ ಬೆಳೆದು, ಫ್ರೆಂಚ್ ದೊರೆಗಳ ಬೊಕ್ಕಸವನ್ನೇ ಪ್ಯಾರಿಸಿನ ತಮ್ಮ ಕೋಟೆಯಲ್ಲಿ ನೋಡಿಕೊಳ್ಳುತ್ತಿದ್ದರು. ಸಾಲದಲ್ಲಿ ಮುಳುಗಿದ್ದ 4ನೇ ಫಿಲಿಪ್, ಲೂಯಿಯ ಮೊಮ್ಮಗ, 1306ರಲ್ಲಿ ಯೆಹೂದಿಗಳನ್ನು ಹೊರಹಾಕಿ ಅವರಿಗೆ ಬರಬೇಕಿದ್ದ ಸಾಲಗಳನ್ನು ತಾನು ವಸೂಲು ಮಾಡಿದ. 1307ರ ಅಕ್ಟೋಬರ್ 13ರ ಮುಂಜಾನೆ ಟೆಂಪ್ಲರುಗಳನ್ನು ಬಂಧಿಸಿದ. ಆರೋಪ ಭಿನ್ನಮತ; ವಿಚಾರಣೆ ಇಂಕ್ವಿಸಿಷನ್ನಿನದು; ತಪ್ಪೊಪ್ಪಿಗೆ ಚಿತ್ರಹಿಂಸೆಯಿಂದ. 1310ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ 54 ಮಂದಿಯನ್ನು ಸುಟ್ಟರು. 1314ರಲ್ಲಿ ಅವರ ಕೊನೆಯ ಮುಖ್ಯಸ್ಥ ಜಾಕ್ ದ ಮೊಲೆಯನ್ನೂ ಸುಟ್ಟರು. ಶಿಲುಬೆ ಯುದ್ಧಕ್ಕೆಂದೇ ಹುಟ್ಟಿದ ಪಂಗಡವನ್ನು ಶಿಲುಬೆ ಯುದ್ಧ ಹೆತ್ತ ವಿಚಾರಣೆಯೇ ನುಂಗಿತು.

ಹುಂಡಿ ಮಾತ್ರ ಉಳಿಯಿತು. ಮುಸ್ಲಿಂ ರಾಜ್ಯಗಳ ಮೇಲಿನ ಯುದ್ಧಕ್ಕೆ ಹಣ ಕೊಟ್ಟವರಿಗಾಗಿ ಸ್ಪೇನಿನಲ್ಲಿ ಶುರುವಾದ ‘ಬೂಲಾ ದೆ ಲಾ ಕ್ರುಸಾದಾ’ ಎಂಬ ಪತ್ರ, 1492ರಲ್ಲಿ ಗ್ರನಾಡಾ ಗೆದ್ದು ಆ ಯುದ್ಧ ಮುಗಿದ ಮೇಲೂ ನಿಲ್ಲಲಿಲ್ಲ. ಅಚ್ಚಾಗಿ ಅಮೆರಿಕದ ವಸಾಹತುಗಳಿಗೂ ಹೋಯಿತು. ಕೊಂಡವರು ಉಪವಾಸದ ದಿನಗಳಲ್ಲಿ ಮೊಟ್ಟೆ, ಹಾಲು ತಿನ್ನಬಹುದಿತ್ತು. ಹೋರಾಡಲು ಯಾವ ಶಿಲುಬೆ ಯುದ್ಧವೂ ಇಲ್ಲದಿದ್ದರೂ, 20ನೇ ಶತಮಾನ ಅರ್ಧ ಕಳೆಯುವವರೆಗೂ ಸ್ಪೇನಿನ ಮನೆಗಳು ಪ್ರತಿವರ್ಷ ಆ ಪತ್ರಕ್ಕೆ ಹಣ ತೆರುತ್ತಲೇ ಇದ್ದವು.